ಮಂಗಳೂರು–ದುಬೈ: ಟಿಕೆಟಿನ ಲೆಕ್ಕ ಯಾಕೆ ತಾಳೆಯಾಗುವುದಿಲ್ಲ?

ಉಪ್ಪಳ_ಪೇಟೆ: ಮಂಗಳೂರು–ದುಬೈ ನೇರ ದೂರ ಸುಮಾರು 2,460 ಕಿ.ಮೀ. ವಿಮಾನದ ವೇಗ ಗಂಟೆಗೆ 830 ಅಂತಿಟ್ಟುಕೊಂಡರೆ ಮೂರು ಗಂಟೆಯೂ ಬೇಡ. ಟಿಕೆಟಿನಲ್ಲಿ ಹೊರಡುವುದು ಬೆಳಿಗ್ಗೆ 9.30, ತಲುಪುವುದು 11.45. ವಾಪಸಿಗೆ 12.45ಕ್ಕೆ ಹೊರಟು ಸಂಜೆ 5.35. ಹೋಗಲು ಎರಡೂಕಾಲು, ಬರಲು ಐದು ಗಂಟೆಯಾ?

ಕುಂಬಳೆ_ಕಣಿಪುರ: ಎರಡೂ ಆಯಾ ಊರಿನ ಗಡಿಯಾರ ಮಾರಾಯ್ರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ, 3.45. ಬರುವಾಗ ಕಳೆಯಿರಿ, 3.20.

ಉಪ್ಪಳ_ಪೇಟೆ: ಸರಿ, ಆದರೂ 25 ನಿಮಿಷ ವ್ಯತ್ಯಾಸ ಉಳಿಯಿತಲ್ಲ?

ನೀರ್ಚಾಲು_ಗಾಳಿ: ಅದು ಗಾಳಿಯ ಬಾಬ್ತು. ಚಳಿಗಾಲದಲ್ಲಿ ಅರೇಬಿಯದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ಎದುರುಗಾಳಿ ಸರಾಸರಿ 80 ಇದ್ದರೆ ನೆಲದ ಮೇಲಿನ ವೇಗ 750ಕ್ಕೆ ಇಳಿಯಿತು: 3 ಗಂಟೆ 17 ನಿಮಿಷ. ಅದೇ ಗಾಳಿ ಬೆನ್ನಿಗೆ ಬಂದರೆ 910: 2 ಗಂಟೆ 42 ನಿಮಿಷ. ಟಿಕೆಟಿನ ಸಮಯ ಹಾರಾಟದ್ದಲ್ಲ, ಗೇಟಿನಿಂದ ಗೇಟಿಗೆ. ಗೇಟು–ರನ್‌ವೇ ನಡುವೆ ನೆಲದ ಮೇಲಿನ ಓಟ, ಏರಿಕೆ, ಇಳಿಯುವ ಸುತ್ತು ಸೇರಿಸಲು ಅರ್ಧ ಗಂಟೆ ಇಡಿ. ಜುಲೈ–ಆಗಸ್ಟಿನಲ್ಲಿ ದಕ್ಷಿಣ ಭಾರತದ ಮೇಲೆ ಅದೇ ಎತ್ತರದಲ್ಲಿ ಗಾಳಿ ಪೂರ್ವದಿಂದ ಬೀಸುವುದರಿಂದ ಈ ವ್ಯತ್ಯಾಸ ಕುಗ್ಗುತ್ತದೆ.

ಹೊಸಂಗಡಿ_ಜಂಕ್ಷನ್: ಇಷ್ಟೆಲ್ಲ ಯಾಕೆ, ಕಣ್ಣೂರಿನಿಂದ ಹೋಗಿ. ರನ್‌ವೇ 3,050 ಮೀಟರ್, ಮಂಗಳೂರಿನದು 2,450.

ನೀರ್ಚಾಲು_ಗಾಳಿ: ರನ್‌ವೇ ಉದ್ದವಾದರೆ ದುಬೈ ಹತ್ತಿರ ಬರುವುದಿಲ್ಲ. ಕಣ್ಣೂರಿನಿಂದ ನೇರ ದೂರ ಸುಮಾರು 2,590 ಕಿ.ಮೀ., ಅಂದರೆ ಹತ್ತು ನಿಮಿಷ ಜಾಸ್ತಿಯೇ. ಉದ್ದದ ಲಾಭ ಬೇರೆ ಕಡೆ ಇದೆ: ಒದ್ದೆ ರನ್‌ವೇಯಲ್ಲಿ ನಿಲ್ಲಲು ಜಾಗ, ದೊಡ್ಡ ವಿಮಾನ ಇಳಿಯುವ ಅನುಕೂಲ.

ಕುಂಬಳೆ_ಕಣಿಪುರ: ಕಾಸರಗೋಡು ಪೇಟೆಯಿಂದ ಮಂಗಳೂರು ನಿಲ್ದಾಣವಿರುವ ಬಜ್ಪೆಗೆ 60 ಕಿ.ಮೀ. ಆಸುಪಾಸು, ಕಣ್ಣೂರು ನಿಲ್ದಾಣವಿರುವ ಮಟ್ಟನ್ನೂರಿಗೆ ನೂರು ದಾಟುತ್ತದೆ. ಹೊಸಂಗಡಿಯವರು ಕಣ್ಣೂರಿಗೆ ಹೋಗುವುದೆಂದರೆ ಮನೆ ಬಾಗಿಲಿನ ಬಾವಿ ಬಿಟ್ಟು ಹೊಳೆಗೆ ಕೊಡ ಹಿಡಿದ ಹಾಗೆ. ಕಾಸರಗೋಡಿನ ದಕ್ಷಿಣಕ್ಕೆ, ನೀಲೇಶ್ವರದಿಂದಾಚೆಗೆ ಆದರೆ ಒಪ್ಪುತ್ತೇನೆ.

ಹೊಸಂಗಡಿ_ಜಂಕ್ಷನ್: ಮಳೆಗಾಲದಲ್ಲಿ ಬಜ್ಪೆಗೆ ಬಂದ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಹೋದರೆ ಆ 60 ಕಿ.ಮೀ. ಏನು ಮಾಡುವುದು?

ನೀರ್ಚಾಲು_ಗಾಳಿ: ಅದು ನ್ಯಾಯವಾದ ಮಾತು. ಗುಡ್ಡದ ತುದಿಯ ರನ್‌ವೇ, ಮೋಡ ಕೆಳಗಿಳಿದರೆ ಪೈಲಟ್‌ಗೆ ಕಾಣುವುದಿಲ್ಲ. ಕಾಣದಿದ್ದಾಗ ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರಿಸುವ ಐಎಲ್‌ಎಸ್ ಇರುವುದು 24 ಎಂಬ ಗುರುತಿನ ರನ್‌ವೇ ತುದಿಗೆ, ಅಂದರೆ ಪೂರ್ವದ ಕಡೆಯಿಂದ ಇಳಿಯುವವರಿಗೆ. ದುಬೈಯಿಂದ ಸಮುದ್ರದ ಮೇಲೆ ಬಂದ ವಿಮಾನ ಊರು ದಾಟಿ, ಒಳನಾಡಿನಲ್ಲಿ ತಿರುಗಿ ಬರಬೇಕು. ಕಿಟಕಿಯಲ್ಲಿ ಕರಾವಳಿ ಕಂಡ ಮೇಲೂ ಹೊತ್ತಾಗುವುದು ಅದಕ್ಕೇ. ಆದರೆ ಮಳೆ ಮಟ್ಟನ್ನೂರಿನಲ್ಲೂ ಕಡಿಮೆಯೇನಿಲ್ಲ.

ಉಪ್ಪಳ_ಪೇಟೆ: ಹಾಗಾದರೆ 9.30ರ ವಿಮಾನಕ್ಕೆ ಉಪ್ಪಳದಿಂದ ಎಷ್ಟು ಹೊತ್ತಿಗೆ ಹೊರಡುವುದು?

ಕುಂಬಳೆ_ಕಣಿಪುರ: ವಿದೇಶಿ ವಿಮಾನದ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಇಮಿಗ್ರೇಶನ್ ಸಾಲೂ ಇದೆ, 6.30ಕ್ಕೆ ಬಜ್ಪೆಯಲ್ಲಿರಿ. ತಲಪಾಡಿ ಟೋಲ್, ಪಂಪ್‌ವೆಲ್, ನಂತೂರು ದಾಟಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಐದಕ್ಕೆ ಗಾಡಿ ಹೊರಡಲಿ.

ಹೊಸಂಗಡಿ_ಜಂಕ್ಷನ್: ನಂತೂರಿಗೆ ಇನ್ನೂ ಕಾಲು ಗಂಟೆ ಸೇರಿಸಿ.