ರೀಲ್ಸ್‌ನಲ್ಲಿ ಹೆಸರಾದ ಯಕ್ಷಗಾನ ಭಾಗವತರಿಗೆ ವೀಳ್ಯ (ಆಟಕ್ಕೆ ಒಪ್ಪಿಸುವ ಮುಂಗಡ) ಕೊಡಬಹುದಾ?

ಜಾತ್ರೆ ಕಮಿಟಿ, ತೀರ್ಥಹಳ್ಳಿ ಕಡೆ
ಜಾತ್ರೆಗೆ ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಆಟ, ಕರ್ಣಪರ್ವ ಸೇರಿ 2 ಪ್ರಸಂಗ (ಕಥೆ), ಬೆಳಗಿನ ತನಕ. ಲಕ್ಷಗಟ್ಟಲೆ ವ್ಯೂ ಇರುವ ಒಬ್ಬ ಎಳೆ ಭಾಗವತರನ್ನೇ (ಪದ್ಯ ಹಾಡಿ ಆಟ ನಡೆಸುವವರು) ಕರೆಸಬೇಕು ಅಂತ ಹುಡುಗರ ಹಟ. ಅದು ಬರೀ ಫೋನಿನ ಹೆಸರು ಅಂತ ಹಿರಿಯರ ತಕರಾರು. ಸರಕು ಇದೆಯಾ ಇಲ್ಲವಾ ಅಂತ ಮೊದಲೇ ನೋಡೋದು ಹೇಗೆ?

ಮದ್ದಲೆ, ಹೊಸನಗರ
ರೀಲ್ಸ್ ಮುಚ್ಚಿಡಿ. 40 ಸೆಕೆಂಡಿನಲ್ಲಿ ಕಾಣೋದು ಏರುಪದ್ಯದ (ಜೋರಿನ ಪದ್ಯದ) ತುದಿ ಮಾತ್ರ. ಲೈವ್ ಮಾಡಿ ಹಾಗೇ ಬಿಟ್ಟ ಪೂರ್ತಿ ಆಟಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಅವರು ಹಾಡಿದ ಬೇರೆ ಬೇರೆ 2 ಪ್ರಸಂಗ ಹುಡುಕಿ ಕೇಳಿ.

ಜೋರಿನ ಪದ್ಯ ದಾಟಿಸಿ ವಿಳಂಬದ ಝಂಪೆಗೆ ಹೋಗಿ. 10 ಅಕ್ಷರದ ತಾಳ ನಿಧಾನವಾದಾಗ ನಡುವೆ ತೆರಪು ಜಾಸ್ತಿ. ಸಾಹಿತ್ಯ ಗಟ್ಟಿಯಿಲ್ಲದವರು ಅದನ್ನು ಆಲಾಪದಿಂದ ತುಂಬಿಬಿಡ್ತಾರೆ. ಇಯರ್‌ಫೋನ್ ಬೇಡ, ಫೋನನ್ನು ಕೋಣೆಯ ಆ ಮೂಲೆಗಿಟ್ಟು, ಕೇಳಿದ್ದನ್ನು ಬರೆದುಕೊಳ್ಳಿ. 4 ಸಾಲಿನಲ್ಲಿ 2 ಕಿವಿಗೆ ಬೀಳದಿದ್ದರೆ ಕರ್ಣ ಯಾಕೆ ಕೊರಗ್ತಿದ್ದಾನೆ ಅಂತ ನಿಮ್ಮೂರ ಹಿಂದಿನ ಸಾಲಿಗೂ ಗೊತ್ತಾಗಲ್ಲ.

ಆಮೇಲೆ ಅರ್ಥ, ಅಂದರೆ ವೇಷಧಾರಿಯ ಮಾತು, ಮುಗಿಯುವ ಜಾಗ ಗಮನಿಸಿ. ವೇಷಧಾರಿ ಕೊನೆ ಮಾತಿಗೆ ಬರ್ತಿದ್ದ ಹಾಗೇ ತಾಳ ಕೈಯಲ್ಲಿರಬೇಕು, ಮುಂದಿನ ಪದ್ಯ ಅದೇ ಭಾವ ಹಿಡಿದು ಏಳಬೇಕು. ಮಾತು ನಿಂತ ಮೇಲೆ ಹಾಳೆ ಮಗುಚುತ್ತಾ ಕೂತರೆ ರಂಗ ತಣ್ಣಗಾಯ್ತು. ಮಾತು ತೀರಾ ಬೆಳೆದಾಗ ತಾಳ ತಟ್ಟಿ ಹದಕ್ಕೆ ತರೋದೂ ಅವರದ್ದೇ ಕೆಲಸ. ಇದೆಲ್ಲ ರೀಲ್ಸ್‌ಗೆ ಬರೋದೇ ಇಲ್ಲ, ಕತ್ತರಿಸಿರ್ತಾರೆ.

ಮಲೆನಾಡಿನಲ್ಲಿ ಇನ್ನೊಂದು ಪರೀಕ್ಷೆ ಪುಕ್ಕಟೆ: ಇಬ್ಬನಿ. ನಡುರಾತ್ರಿ ಕಳೆದ ಮೇಲೆ ಚಂಡೆ ಮದ್ದಲೆಯ ಚರ್ಮ ತೇವ ಹೀರಿ ಸಡಿಲಾಗುತ್ತೆ, ಶ್ರುತಿ ಇಳಿಯುತ್ತೆ. ಶ್ರುತಿಪೆಟ್ಟಿಗೆ ಮಾತ್ರ ಇದ್ದಲ್ಲೇ ಇರುತ್ತೆ. ಕಿವಿ ಇರುವವರು ಅರ್ಥದ ಹೊತ್ತಿನಲ್ಲಿ ಕಣ್ಸನ್ನೆ ಮಾಡಿ ಮದ್ದಲೆ ಸರಿಮಾಡಿಸ್ತಾರೆ. ಇಲ್ಲದವರು ಅದರ ಜೊತೆಗೇ ಜಾರ್ತಾರೆ. ಹಾಗಾಗಿ ವಿಡಿಯೋದ ಕೊನೆಯ 1 ತಾಸು ತಪ್ಪಿಸಬೇಡಿ.

ಮೈಕ್‌ಸೆಟ್, ಸಾಗರ
ರೀಲ್ಸ್‌ನ ದನಿಯನ್ನು ಎಷ್ಟೋ ಸಲ ಮಿಕ್ಸರಿನಿಂದ ನೇರ ತೆಗೆದು, ಎಕೋ ಸೇರಿಸಿ, ಪಿಚ್ಚನ್ನೂ ತಿದ್ದಿರ್ತಾರೆ. ಸ್ವರದಿಂದ ಸ್ವರಕ್ಕೆ ಜಾರು ಇಲ್ಲದೆ ಮೆಟ್ಟಿಲು ಹತ್ತಿದ ಹಾಗೆ ಕೇಳಿದರೆ ಅನುಮಾನ ಪಡಿ. ವ್ಯೂ ಲೆಕ್ಕವೂ ಅಷ್ಟೇ, ಒಬ್ಬನೇ 5 ಸಲ ನೋಡಿದರೂ ಏರುತ್ತೆ.

ಆಟದ ದಿನ ಭಾಗವತರ ಚಾನೆಲ್ಲಿನ ಎಕೋ ತೀರಾ ಕಡಿಮೆ ಇಡಿಸಿ, ಅಕ್ಷರ ಕಲಸಿಹೋಗೋದು ಅದರಿಂದಲೇ. ಚಂಡೆಗೆ ಮೈಕು ಹತ್ತಿರ ಬೇಡ. ಕೊಯ್ಲಾದ ಗದ್ದೆಯಲ್ಲಿ ಅದು ಹಾಗೇ ದೂರಕ್ಕೆ ಕೇಳುತ್ತೆ, ಜೊತೆಗೆ ಭಾಗವತರ ಮೈಕಿಗೂ ನುಗ್ಗುತ್ತೆ. ದನಿ ಮುಚ್ಚಿದರೆ ಅವರು ಕಿರುಚಲೇಬೇಕು, 3 ಗಂಟೆಗೆಲ್ಲ ಗಂಟಲು ಕಟ್ಟುತ್ತೆ. ಆಮೇಲೆ ಪ್ರತಿಭೆ ಇಲ್ಲ ಅಂತ ನಾವೇ ಬೈತೀವಿ!

ಜಾತ್ರೆ ಕಮಿಟಿ
ಅದೆಲ್ಲ ಸರಿ. ಹೆಸರಿಲ್ಲದವರನ್ನು ಹಾಕಿದರೆ ಜನ ಬರ್ತಾರಾ ಮಾರಾಯ್ರೇ? ಖರ್ಚು ಹುಟ್ಟಬೇಕಲ್ಲ.

ಹಳೆ ಪ್ರೇಕ್ಷಕ, ಶಿವಮೊಗ್ಗ
ಹೆಸರಾದವರೆಲ್ಲ ಪೊಳ್ಳು ಅನ್ನೋದು ಹಿರಿಯರ ತಪ್ಪು. ಬಡಗಿನ ಭಾಗವತ ಕಾಳಿಂಗ ನಾವಡರ ದನಿ ಮನೆಮನೆಗೆ ಹೋದದ್ದು ಕ್ಯಾಸೆಟ್ಟಿನಿಂದಲೂ ಹೌದು. 1990ರಲ್ಲಿ ತೀರಿಕೊಂಡರು, ಇವತ್ತಿಗೂ ಆ ಧಾಟಿ ಹಿಡಿದು ಹಾಡುವವರಿದ್ದಾರೆ. ಆದರೆ 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಅಂದರೂ ಅರ್ಧ ಗಂಟೆ. ಅಷ್ಟು ಹೊತ್ತು ಕೂತು ಕೇಳಿ ಜನ ಮೆಚ್ಚಿದ್ದು.

ಇಡೀ ರಾತ್ರಿಗೆ ಹೇಗೂ ಒಬ್ಬರೇ ಭಾಗವತರು ಬೇಡ. ಎಳೆಯವರಿಗೆ ಮೊದಲ ಪ್ರಸಂಗ ಕೊಡಿ, ಪೋಸ್ಟರಿನಲ್ಲಿ ಫೋಟೋ ದೊಡ್ಡದಾಗೇ ಇರಲಿ. ಕರ್ಣಪರ್ವ ಅನುಭವಿಗಳ ಕೈಗೆ. ಯಾರು ಯಾವ ಪದ್ಯದ ತನಕ ಅಂತ ಚೀಟಿಯಲ್ಲಿ ಬರೆದು ಇಬ್ಬರಿಗೂ ಮೊದಲೇ ಕೊಡಿ, ಇಲ್ಲದಿದ್ದರೆ ರಂಗಸ್ಥಳದಲ್ಲೇ ಜಟಾಪಟಿ. ಇಬ್ಬರ ಶ್ರುತಿಯನ್ನೂ ಕೇಳಿಟ್ಟುಕೊಳ್ಳಿ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಒಬ್ಬರದ್ದು ಕಪ್ಪು 2, ಇನ್ನೊಬ್ಬರದ್ದು ಬಿಳಿ 5 ಆದರೆ ಒಂದೇ ಮದ್ದಲೆ ಸಾಲಲ್ಲ. ಇನ್ನೊಂದು ಜೊತೆ ತರ್ತಾರಾ, ಅದರ ಬಾಡಿಗೆ ಯಾರದ್ದು ಅನ್ನೋದು ವೀಳ್ಯದ ದಿನವೇ ತೀರ್ಮಾನ ಆಗಲಿ.