ಪ್ಲಾಟಿಯಾ ಯುದ್ಧ: ಅಷ್ಟು ಕುದುರೆ ದಳ ಇದ್ರೂ ಪರ್ಷಿಯನ್ನರು ಸೋತಿದ್ದು ಹೇಗೆ?

ಇತಿಹಾಸದ_ಹುಳ:
ಪರ್ಷಿಯಾ ಗ್ರೀಸ್ ಮೇಲೆ ದಂಡೆತ್ತಿ ಬಂದಾಗಿನ ಥರ್ಮೊಪಿಲೆ ಕಾಳಗ, ಸ್ಪಾರ್ಟಾ ರಾಜ ಲಿಯೊನಿಡಾಸ್, 300 ಜನ ಸ್ಪಾರ್ಟಾದವ್ರು ಅಂತ ಎಲ್ರೂ ಹೇಳ್ತಾನೇ ಇರ್ತಾರೆ, ಆದ್ರೆ ಅಲ್ಲಿ ಗ್ರೀಕರು ಸೋತ್ರು, ಆಮೇಲೆ ಅಥೆನ್ಸ್ ಕೂಡ ಸುಟ್ಟು ಹೋಯ್ತು. ಪರ್ಷಿಯನ್ ಸೈನ್ಯ ಗ್ರೀಸ್ ಬಿಟ್ಟು ಹೋಗಿದ್ದು ಮುಂದಿನ ವರ್ಷ, ಕ್ರಿ.ಪೂ. 479ರಲ್ಲಿ ಪ್ಲಾಟಿಯಾ ಆದ್ಮೇಲೆ. ನನ್ ಡೌಟ್ ಏನಪ್ಪಾ ಅಂದ್ರೆ, ಅಲ್ಲಿ ಪರ್ಷಿಯನ್ ಸೇನಾಪತಿ ಮಾರ್ಡೋನಿಯಸ್ ಹತ್ರ ಒಳ್ಳೇ ಕುದುರೆ ದಳ ಇತ್ತು, ಬಿಲ್ಲುಗಾರರಿದ್ರು, ಪಕ್ಕದಲ್ಲೇ ಥೀಬ್ಸ್ ಊರು ಅವನ ಕಡೆ ಇತ್ತು. ಗ್ರೀಕರ ಕಡೆ ಕುದುರೆ ದಳಾನೇ ಇರ್ಲಿಲ್ಲ. ಹಂಗಿದ್ರೂ ಸೋತಿದ್ದು ಹೇಗೆ? "ಸ್ವಾತಂತ್ರ್ಯಕ್ಕೋಸ್ಕರ ಹೋರಾಡಿದ್ರು, ಅದಕ್ಕೆ ಗೆದ್ರು" ಅನ್ನೋ ಉತ್ತರ ಬೇಡ ಪ್ಲೀಸ್, ಅದು ಎಲ್ಲಾ ಯೂಟ್ಯೂಬ್ ವಿಡಿಯೋದಲ್ಲೂ ಇದೆ. ಇನ್ನೊಂದು, ಆ ಸೈನ್ಯದಲ್ಲಿ ಇಂಡಿಯಾದವ್ರೂ ಇದ್ರು ಅಂತಾರಲ್ಲ, ನಿಜಾನಾ?

ಕಲ್ಲುಕೋಟೆ:
ಒಳ್ಳೇ ಪ್ರಶ್ನೆ. ನಿಜ ಹೇಳ್ಬೇಕಂದ್ರೆ ಕುದುರೆ ದಳ ಸೋಲಲೇ ಇಲ್ಲ, ಗೆಲ್ತಾ ಇತ್ತು. ಗ್ರೀಕರು ಮೊದಲು ಕಿಥೈರಾನ್ ಬೆಟ್ಟದ ತಪ್ಪಲಲ್ಲಿ ನಿಂತಿದ್ರು, ಅಲ್ಲಿಗೆ ಕುದುರೆ ಬಂದು ಕಾಟ ಕೊಟ್ರೂ ನುಗ್ಗಿ ತುಳಿಯೋಕೆ ಆಗ್ಲಿಲ್ಲ. ಆ ಮೊದಲ ದಾಳೀಲೇ ಕುದುರೆ ದಳದ ನಾಯಕ ಮಸಿಸ್ಟಿಯಸ್ ಸತ್ತ, ಅವನ ಕುದುರೆಗೆ ಪಕ್ಕೆಗೆ ಬಾಣ ಬಿದ್ದು ಅದು ಮುಂಗಾಲೆತ್ತಿ ಅವನನ್ನ ಕೆಡವಿತು, ಅಥೆನ್ಸ್‌ನವ್ರು ಸುತ್ತ ಮುತ್ಕೊಂಡು ಎಷ್ಟು ಚುಚ್ಚಿದ್ರೂ ಸಾಯ್ತಿಲ್ಲ, ಯಾಕಂದ್ರೆ ಮೇಲಂಗಿ ಒಳಗೆ ಚಿನ್ನದ ಹುರುಪೆ ಹುರುಪೆ ಕವಚ ಹಾಕ್ಕೊಂಡಿದ್ದ. ಕೊನೆಗೆ ಒಬ್ಬ ಕಣ್ಣಿಗೆ ತಿವಿದ. ಹೆಣಾನ ಗಾಡಿ ಮೇಲಿಟ್ಟು ಸಾಲಿನುದ್ದಕ್ಕೂ ಮೆರವಣಿಗೆ ಮಾಡಿದ್ರಂತೆ, ನೋಡೋಕೆ ಜನ ಸಾಲು ಬಿಟ್ಟು ಓಡಿ ಬರ್ತಿದ್ರಂತೆ.

ಆಮೇಲೆ ಗ್ರೀಕರು ನೀರಿಗೋಸ್ಕರ ಕೆಳಗಿಳಿದ್ರು, ಗಾರ್ಗಾಫಿಯಾ ಅನ್ನೋ ಬುಗ್ಗೆ ಹತ್ರ. ಇಲ್ಲಿಂದ ಅವರ ಗ್ರಹಚಾರ ಶುರು. ಎದುರಿಗೆ ಅಸೋಪಸ್ ಹೊಳೆ ಇದೆ, ಆದ್ರೆ ಅಲ್ಲಿ ನೀರಿಗೆ ಹೋದ್ರೆ ಪರ್ಷಿಯನ್ ಬಾಣ. ಹಂಗಾಗಿ ಇಡೀ ಸೈನ್ಯಕ್ಕೆ ಅದೊಂದೇ ಬುಗ್ಗೆ. ಮಾರ್ಡೋನಿಯಸ್ ಒಂದಿನ ರಾತ್ರಿ ಕುದುರೆ ದಳ ಕಳ್ಸಿ ಬೆಟ್ಟದ ದಾರೀಲಿ ಊಟದ ಸಾಮಾನು ಹೊತ್ಕೊಂಡು ಬರ್ತಿದ್ದ 500 ಪ್ರಾಣಿಗಳನ್ನ ಹಿಡಿಸಿದ, ಆಮೇಲೆ ಬುಗ್ಗೇನೇ ಮಣ್ಣು ತುಂಬಿ ಹಾಳು ಮಾಡ್ಸಿದ. ನೀರಿಲ್ಲ, ಅನ್ನ ಇಲ್ಲ, ದಿನಾ ಬಾಣ. ಇನ್ನು ನಾಲ್ಕು ದಿನ ಸುಮ್ನೆ ಕೂತಿದ್ರೆ ಗ್ರೀಕರ ಒಕ್ಕೂಟ ತಾನಾಗೇ ಒಡೆದು ಹೋಗ್ತಿತ್ತು ಅಂತ ನನ್ ಅಭಿಪ್ರಾಯ.

ಗ್ರೀಕರು ರಾತ್ರೋ ರಾತ್ರಿ ಹಿಂದಕ್ಕೆ ಹೊರಟ್ರು, ಅದು ಪೂರ್ತಿ ಎಡವಟ್ಟಾಯ್ತು. ಮಧ್ಯದ ಪಡೆ ಹೇಳಿದ ಜಾಗಕ್ಕೆ ಹೋಗೋದು ಬಿಟ್ಟು ಸೀದಾ ಪ್ಲಾಟಿಯಾ ಊರ ಹತ್ರ ಹೇರಾ ಗುಡಿ ಮುಂದೆ ಹೋಗಿ ಕೂತ್ಕೊಂಡ್ರು. ಸ್ಪಾರ್ಟಾದ ಅಮೋಂಫರೆಟಸ್ ಅನ್ನೋ ಒಬ್ಬ ನಾಯಕ ಬೇರೆ ನಾನು ಓಡಲ್ಲ ಅಂತ ಹಟ ಹಿಡಿದು, ಎರಡೂ ಕೈಲಿ ಒಂದು ಬಂಡೆ ಎತ್ತಿ ಗ್ರೀಕರ ಸೇನಾಪತಿ ಪೌಸಾನಿಯಸ್ ಕಾಲ ಬುಡಕ್ಕೆ ಹಾಕಿ ಇದೇ ನನ್ನ ವೋಟು ಅಂದ. ಬೆಳಗಾದಾಗ ಗ್ರೀಕರು ಮೂರು ತುಂಡಾಗಿದ್ರು. ಇದನ್ನ ನೋಡಿ ಮಾರ್ಡೋನಿಯಸ್ ಓಡಿ ಹೋದ್ರು ಅಂದ್ಕೊಂಡು ಹೊಳೆ ದಾಟಿ ಕಾಲಾಳುಗಳನ್ನ ಓಡಿಸ್ಕೊಂಡು ಬಂದ. ಅಲ್ಲೇ ಕೆಟ್ಟಿದ್ದು. ದೂರದಿಂದ ಕೊಲ್ತಾ ಇದ್ದವ್ರು ಕೈ ಕೈ ಮಿಲಾಯಿಸೋ ಯುದ್ಧಕ್ಕೆ ತಾವಾಗೇ ಬಂದ್ರು.

ಧಾರವಾಡ_ಫೇಡಾ:
ಕಲ್ಲುಕೋಟೆ ಅವರು ಚಲೋ ಬರದಾರ. ಆದ್ರ ಕೈ ಕೈ ಮಿಲಾಯಿಸಿದ ಮ್ಯಾಲೆ ಏನಾತು ಅನ್ನೂದ ಮುಖ್ಯ ಐತ್ರಿ. ಪರ್ಷಿಯನ್ನರು ಬೆತ್ತದ ದೊಡ್ಡ ಗುರಾಣಿ ಸಾಲಾಗಿ ನಿಲ್ಲಿಸಿ ಗೋಡಿ ಮಾಡಿ ಅದರ ಹಿಂದಿಂದ ಬಾಣ ಬಿಡ್ತಿದ್ರು. ಸ್ಪಾರ್ಟಾದವ್ರು ಶಕುನ ಸರಿ ಬರವಲ್ದು ಅಂತ ಬಾಣ ತಿಂದಕೋತ ಕುಂತಿದ್ರು, ಮೊದಲ ಎದ್ದು ನುಗ್ಗಿದವ್ರು ಅವರ ಜೋಡಿ ಇದ್ದ ತೆಗಿಯಾ ಊರವ್ರು, ಅವರ ಹೆಸರು ಯಾವ ಸಿನಿಮಾದಾಗೂ ಬರೂದಿಲ್ಲ ಬಿಡ್ರಿ. ಗುರಾಣಿ ಗೋಡಿ ಬಿದ್ದ ಮ್ಯಾಲೂ ಪರ್ಷಿಯನ್ನರು ಓಡಲಿಲ್ಲ, ಗ್ರೀಕರ ಉದ್ದನ ಭರ್ಚಿ ಬರಿಗೈಲೇ ಹಿಡದು ಮುರದು ಹಾಕಿದ್ರು ಅಂತ ಈ ಯುದ್ಧದ ಕಥಿ ಬರದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ಸನ ಬರದಾನ. ಧೈರ್ಯದಾಗೂ ಶಕ್ತಿಯೊಳಗೂ ಅವರು ಕಮ್ಮಿ ಇರಲಿಲ್ಲ, ಮೈಮ್ಯಾಲೆ ಸರಿಯಾದ ಕವಚ ಇರಲಿಲ್ಲ, ಈ ತರದ ಕಾಳಗದ ರೂಢಿ ಇರಲಿಲ್ಲ ಅಂತ ಅಂವನ ಒಪ್ಪಿಕೊಂಡಾನ. ಎದುರಿಗೆ ಕಂಚಿನ ಶಿರಸ್ತ್ರಾಣ, ಮೊಣಕಾಲಿಗೆ ಕಂಚು, ಎಡಗೈಗೆ ಸುಮಾರು 90 ಸೆಂಟಿಮೀಟರ್ ಅಗಲದ ಗುರಾಣಿ ಹಿಡಕೊಂಡು ಒತ್ತಿಗೊತ್ತಿ ನಿಂತ ಮಂದಿ. ಮಾರ್ಡೋನಿಯಸ್ ಬಿಳಿ ಕುದುರಿ ಮ್ಯಾಲೆ ಇರೂತನಕ ಅವನ ಸುತ್ತಲಿನ 1000 ಮಂದಿ ಗಟ್ಟಿ ನಿಂತ್ರು, ಅಂವ ಬಿದ್ದ ಕೂಡಲೇ ಎಲ್ಲಾ ಖಲಾಸ್.

ಸಂಖ್ಯಾ ಬಗ್ಗೆನೂ ಒಂದ್ ಮಾತು. ಮಾರ್ಡೋನಿಯಸ್ ಕಡೆ 3 ಲಕ್ಷ ಅಂತಾನ ಹೆರೊಡೊಟಸ್, ಈಗಿನ ಭಾಳ ಮಂದಿ ಇತಿಹಾಸಕಾರರು ಒಂದು ಲಕ್ಷದ ಆಜೂಬಾಜೂ ಇಲ್ಲಾ ಅದಕ್ಕೂ ಕೆಳಗ ಇಳಸ್ತಾರ. ಹಿಂದಿನ ವರ್ಷ ಪರ್ಷಿಯಾದ ರಾಜ ಕ್ಸರ್ಕ್ಸೀಸ್ ಬಂದಾಗಿನ ಲೆಕ್ಕ ಅಂತೂ ಮಜಾ ಐತಿ, ಡೊರಿಸ್ಕಸ್ ಬಯಲಾಗ 10,000 ಮಂದಿನ ಇರುಕಿ ನಿಲ್ಲಿಸಿ, ಸುತ್ತ ಗೆರಿ ಹೊಡದು, ಹೊಕ್ಕಳ ಮಟಾ ಬೇಲಿ ಕಟ್ಟಿ, ಮತ್ತ ಮತ್ತ ಅದರಾಗ ಮಂದಿ ತುಂಬಿಸಿ ತೆಗದು 17 ಲಕ್ಷ ಕಾಲಾಳು ಅಂತ ಎಣಿಸಿದ್ರಂತ! ಜೋಳದ ಚೀಲ ಅಳದಂಗ.

ನಡುರಾತ್ರಿ_ಓದು:
ಮಾರ್ಡೋನಿಯಸ್ ದುಡುಕಿದ ಅಂತ ಇಬ್ರೂ ಹೇಳ್ತಿದೀರಿ, ನಾನು ಪೂರ್ತಿ ಒಪ್ಪಲ್ಲ. ಸಾಲಮಿಸ್‌ನಲ್ಲಿ ಪರ್ಷಿಯನ್ನರ ಹಡಗಿನ ಪಡೆ ಸೋತ ಮೇಲೆ ಸಮುದ್ರದಿಂದ ಸಪ್ಲೈ ಬರೋದು ಕಷ್ಟ ಆಯ್ತು, ರಾಜ ಕ್ಸರ್ಕ್ಸೀಸ್ ವಾಪಸ್ ಹೋಗಾಗಿತ್ತು. ಮ್ಯಾಸಿಡೋನಿಯಾದ ರಾಜ ಅಲೆಕ್ಸಾಂಡರ್ (ಆ ಅಲೆಕ್ಸಾಂಡರ್ ಅಲ್ಲ, ಅವನಿಗಿಂತ ನೂರು ವರ್ಷಕ್ಕೂ ಹಿಂದಿನವ್ನು) ರಾತ್ರಿ ಕುದುರೆ ಮೇಲೆ ಗ್ರೀಕರ ಹತ್ರ ಬಂದು, ಮಾರ್ಡೋನಿಯಸ್ ಹತ್ರ ಕೆಲವೇ ದಿನದ ದಿನಸಿ ಇದೆ, ತಾಳ್ಮೆಯಿಂದಿರಿ ಅಂದ ಅಂತ ಹೆರೊಡೊಟಸ್ ಪುಸ್ತಕದಲ್ಲಿದೆ. ಅದೇ ಪುಸ್ತಕದಲ್ಲಿ ಇನ್ನೊಂದ್ ಕಡೆ ಅರ್ಟಬಾಜಸ್ ಅನ್ನೋ ಪರ್ಷಿಯನ್ ಸರದಾರ, ಥೀಬ್ಸ್‌ನಲ್ಲಿ ಬೇಕಾದಷ್ಟು ದವಸ ಇದೆ, ಅಲ್ಲಿಗೆ ಹೋಗಿ ಕೂರೋಣ, ಚಿನ್ನ ಬೆಳ್ಳಿ ಹಂಚಿ ಗ್ರೀಕ್ ನಾಯಕರನ್ನ ಕೊಂಡ್ಕೊಳ್ಳೋಣ ಅಂತ ಸಲಹೆ ಕೊಡ್ತಾನೆ. ಎರಡೂ ಒಟ್ಟಿಗೆ ಹೊಂದೋದು ಕಷ್ಟ. ನಂಗೇನೋ ದಿನಸಿ ಕಮ್ಮಿ ಇತ್ತು ಅನ್ನೋದೇ ಸರಿ ಅನ್ಸುತ್ತೆ, ಇಲ್ದಿದ್ರೆ ಅಷ್ಟು ದಿನ ತಾಳ್ಮೆಯಿಂದ ಕಾದವ್ನು ಆ ಬೆಳಗ್ಗೆ ಯಾಕೆ ಹೊಳೆ ದಾಟ್ತಾನೆ?

ಅರ್ಟಬಾಜಸ್ ಸಲಹೆ ಹಾಸ್ಯ ಅಂದ್ಕೋಬೇಡಿ, ಮುಂದೆ ಪರ್ಷಿಯಾ ಅದನ್ನೇ ಮಾಡಿದ್ದು. ಅಥೆನ್ಸ್ ವಿರುದ್ಧ ಸ್ಪಾರ್ಟಾಗೆ ಹಡಗು ಕಟ್ಟೋಕೆ ದುಡ್ಡು ಕೊಟ್ಟು, ಕ್ರಿ.ಪೂ. 386ರಲ್ಲಿ ಗ್ರೀಕರ ಮೇಲೆ ತನ್ನ ಷರತ್ತಿನ ಶಾಂತಿ ಹೇರಿ, ಏಷ್ಯಾ ಕಡೆಯ ಗ್ರೀಕ್ ಊರುಗಳನ್ನ ವಾಪಸ್ ತಗೊಂಡ್ತು.

ಇತಿಹಾಸದ_ಹುಳ:
ಸೂಪರ್, ಥ್ಯಾಂಕ್ಸ್ ಎಲ್ರಿಗೂ. ಇಂಡಿಯಾದವ್ರ ವಿಷ್ಯ ಯಾರೂ ಹೇಳ್ಲಿಲ್ಲ? ಮತ್ತೆ ಇದು ಸ್ಪಾರ್ಟಾದವ್ರ ಗೆಲುವು ಅಂತ ಹೇಳ್ಬೋದಾ ಹಂಗಾದ್ರೆ?

ಕಲ್ಲುಕೋಟೆ:
ಇದ್ರು. ಕ್ಸರ್ಕ್ಸೀಸ್ ಅಪ್ಪ ಡೇರಿಯಸ್ ಕಾಲದಲ್ಲೇ ಗಾಂಧಾರ, ಸಿಂಧೂ ಕಡೆ ಪರ್ಷಿಯಾ ಕೈಲಿತ್ತು, ಅಲ್ಲಿಯವ್ರು. ಕರ್ನಾಟಕಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಆಸೆ ಇಟ್ಕೋಬೇಡಿ. ಹತ್ತಿ ಬಟ್ಟೆ ಉಟ್ಕೊಂಡು, ಬೆತ್ತದ ಬಿಲ್ಲು, ಕಬ್ಬಿಣದ ಮೊನೆಯ ಬೆತ್ತದ ಬಾಣ ಹಿಡ್ಕೊಂಡು ಬಂದಿದ್ರು ಅಂತ ವರ್ಣನೆ ಇದೆ. ಮಾರ್ಡೋನಿಯಸ್ ತನ್ನ ಜೊತೆ ಉಳಿಸ್ಕೊಂಡವರಲ್ಲಿ ಅವರೂ ಇದ್ರು, ಪ್ಲಾಟಿಯಾದಲ್ಲಿ ಅವರನ್ನ ಮಧ್ಯದಲ್ಲಿ ನಿಲ್ಸಿದ್ದ. ಆದ್ರೆ ಅವರ ಎದುರಿಗಿದ್ದ ಗ್ರೀಕರು ರಾತ್ರೀನೇ ಜಾಗ ಖಾಲಿ ಮಾಡಿದ್ರಲ್ಲ, ಪರ್ಷಿಯನ್ನರು ಓಡೋದು ನೋಡಿ ಮಿಕ್ಕ ದಳಗಳು ಕೈ ಮಾಡದೇ ಹೊರಟು ಹೋದ್ವು ಅಂತಾನೆ ಹೆರೊಡೊಟಸ್, ಹಂಗಾಗಿ ಪಾಪ ಅಷ್ಟು ದೂರ ಬಂದು ಬಾಣಾನೂ ಬಿಡ್ಲಿಲ್ವೇನೋ.

ಸ್ಪಾರ್ಟಾದವ್ರ ಗೆಲುವು ಅನ್ನೋದಕ್ಕೆ: ಹೊಡೆತ ತಿಂದಿದ್ದು, ಕೊಟ್ಟಿದ್ದು ಹೆಚ್ಚಾಗಿ ಅವರೇ, ಸರಿ. ಆದ್ರೆ ಅದೇ ಹೊತ್ತಿಗೆ ಅಥೆನ್ಸ್‌ನವ್ರು ಇನ್ನೊಂದ್ ತುದೀಲಿ ಥೀಬ್ಸ್‌ನವ್ರ ಜೊತೆ ಬಡಿದಾಡ್ತಾ ಇದ್ರು, ಅಂದ್ರೆ ಗ್ರೀಕರು ಗ್ರೀಕರ ಜೊತೇನೇ. ಗೆದ್ದ ಮೇಲೆ ಲೂಟಿ ದುಡ್ಡಲ್ಲಿ ಡೆಲ್ಫಿಯ ಗುಡಿಗೆ ಚಿನ್ನದ ಮುಕ್ಕಾಲಿ ಕಾಣಿಕೆ ಕೊಟ್ರು, ಅದರ ಕೆಳಗೆ ಮೂರು ಹಾವು ಹೆಣೆದ ಕಂಚಿನ ಕಂಬ. ಪೌಸಾನಿಯಸ್ ಅದ್ರ ಮೇಲೆ ನಾನೇ ಪರ್ಷಿಯನ್ನರನ್ನ ನಾಶ ಮಾಡ್ದವ್ನು ಅಂತ ತನ್ನ ಹೆಸರು ಹಾಕಿಸ್ದ. ಸ್ಪಾರ್ಟಾದವ್ರೇ ಅದನ್ನ ಅಳಿಸಿ ಹಾಕಿ ಯುದ್ಧದಲ್ಲಿ ಸೇರಿದ್ದ ಊರುಗಳ ಹೆಸರು ಕೆತ್ತಿಸಿದ್ರು, 31 ಊರು. ಕಂಬದ ಉಳಿದ ಭಾಗ ಈಗ ಇಸ್ತಾಂಬುಲ್‌ನಲ್ಲಿ ಹಳೇ ಕುದುರೆ ರೇಸಿನ ಮೈದಾನದಲ್ಲಿದೆ, ಹಾವಿನ ತಲೆಗಳು ಇಲ್ಲ, ಹೋದ್ರೆ ನೋಡ್ಬೋದು, ಟಿಕೆಟ್ ಏನೂ ಬೇಡ.