ಅಪ್ಪ-ಅಮ್ಮನಿಗೆ ಫಾಲ್ ಕಲರ್ಸ್ (ಉದುರುವ ಮುಂಚೆ ಎಲೆಗಳಿಗೆ ಬರುವ ಬಣ್ಣ) ತೋರಿಸಬೇಕು. ಫ್ರಾಂಕೋನಿಯಾ ನಾಚ್‌ನಲ್ಲಿ ಎಲ್ಲಿಂದ ಎಲ್ಲಿಗೆ ನಡೆಯೋದು?

ತೀರ್ಥಹಳ್ಳಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾವು ಬಾಸ್ಟನ್ ಹತ್ತಿರ ಇದ್ದೇವೆ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅಕ್ಟೋಬರ್ ಕೊನೆಗೆ ವಾಪಸ್. ಅಪ್ಪನಿಗೆ 71, ಮಂಡಿ ನೋವು. ಸಮತಟ್ಟಾದ ದಾರಿ ಆದರೆ ಎರಡು ಮೈಲಿ ನಡೆಯುತ್ತಾರೆ. ಅಮ್ಮನಿಗೆ ಗಿಡ-ಮರ ಅಂದರೆ ಪ್ರಾಣ. ನ್ಯೂ ಹ್ಯಾಂಪ್‌ಶೈರ್‌ನ ಫ್ರಾಂಕೋನಿಯಾ ನಾಚ್ ಅನ್ನುವ ಬೆಟ್ಟಗಳ ನಡುವಿನ ಕಣಿವೆಯಲ್ಲಿ ನಡೆಯಲು, ಸೈಕಲ್ ಹೊಡೆಯಲು ಟಾರು ಹಾಕಿದ ರಿಕ್ರಿಯೇಶನ್ ಪಾತ್ ಇದೆಯಂತೆ, ಸುಮಾರು 9 ಮೈಲಿ. ಪೂರ್ತಿ ಆಗುವ ಮಾತಲ್ಲ. ಯಾವ ಭಾಗ ನಡೆದರೆ ಚೆನ್ನ? ಅಕ್ಟೋಬರ್ ಎರಡನೇ ಸೋಮವಾರ ರಜೆ ಇದೆ, ಆ ವಾರಾಂತ್ಯ ಹೋಗೋಣ ಅಂತಿದ್ದೇವೆ.

ಹಳೇ_ಮೇಪಲ್:
ಮೊದಲು ಆ ವಾರಾಂತ್ಯ ಬಿಟ್ಟುಬಿಡಿ. ಕಣಿವೆಯೊಳಗೆ ಐ-93 ಹೆದ್ದಾರಿ ಕಿರಿದಾಗಿ, ಹೋಗಲು ಒಂದು ಸಾಲು, ಬರಲು ಒಂದು ಸಾಲು ಅಷ್ಟೇ. ನಮ್ಮ ಮೊದಲ ವರ್ಷ ಅದೇ ಲಾಂಗ್ ವೀಕೆಂಡ್‌ನಲ್ಲಿ ಹೋಗಿ, ಎರಡು ಗಂಟೆ ಕಾರಿನೊಳಗೇ ಕೂತು, ಪಾರ್ಕಿಂಗ್ ಸಿಗದೆ ವಾಪಸ್ ಬಂದೆವು. ಅತ್ತೆ ಕಿಟಕಿಯಿಂದ ನೋಡಿದ್ದೇ ಬಂತು. ಆ ಬೇಜಾರು ನನಗೆ ಇನ್ನೂ ಇದೆ. ಎತ್ತರದ ಜಾಗ ಆದ್ದರಿಂದ ಬಣ್ಣವೂ ಬೇಗ ಬರುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ, ಅಂದರೆ ಎಷ್ಟೋ ಸಲ ನಮ್ಮ ನವರಾತ್ರಿಯ ಆಸುಪಾಸು. ರಜೆ ಹಾಕಿ ಮಂಗಳವಾರವೋ ಬುಧವಾರವೋ ಹೋಗಿ.

ಜಾಗ ಹೇಳ್ತೀನಿ. ಲಫಯೆಟ್ ಪ್ಲೇಸ್ ಕ್ಯಾಂಪ್‌ಗ್ರೌಂಡ್‌ನಿಂದ ಬೇಸಿನ್‌ವರೆಗೆ, ದಕ್ಷಿಣಕ್ಕೆ. ಸುಮಾರು 2 ಮೈಲಿ. ಪೆಮಿಜವಾಸೆಟ್ ಹೊಳೆ ಪಕ್ಕದಲ್ಲೇ ಹರಿಯುತ್ತದೆ, ಅದು ಇಳಿಯುವ ಕಡೆಗೇ ದಾರಿಯೂ ಇಳಿಯುತ್ತದೆ. ಉಲ್ಟಾ ನಡೆಸಬೇಡಿ, ಅಪ್ಪನಿಗೆ ಏರು ಸಿಗುತ್ತದೆ. ಒಬ್ಬರು ಕಾರನ್ನು ಬೇಸಿನ್ ಪಾರ್ಕಿಂಗ್‌ಗೆ ತಂದು ಕಾಯಲಿ. ಎರಡೂ ಕಡೆ ಶೌಚಾಲಯ ಇದೆ.

ಬೇಸಿನ್ ಅಂದರೆ ಹೊಳೆಯೇ ಕಲ್ಲನ್ನು ಕೊರೆದು ಮಾಡಿದ ಗುಂಡಿ, ಸುಮಾರು 30 ಅಡಿ ಅಗಲ. ಮೇಲಿಂದ ಬಿದ್ದ ಹಳದಿ ಎಲೆಗಳು ಅದರೊಳಗೆ ಸುತ್ತು ಹಾಕುತ್ತಿರುತ್ತವೆ. ಒಂದು ಎಲೆಯನ್ನು ಗುರುತಿಟ್ಟುಕೊಂಡು ನೋಡಿ. ಅಂಚಿಗೆ ಬರುತ್ತದೆ, ಇನ್ನೇನು ಹೊರಗೆ ಹೋಯಿತು ಅನ್ನುವಾಗ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ನಮ್ಮಮ್ಮ ಅಲ್ಲಿ ಅರ್ಧ ಗಂಟೆ ನಿಂತಿದ್ದರು, ಕರೆದರೂ ಬರಲಿಲ್ಲ.

ಸಮಯ ಉಳಿದರೆ ಪ್ರೊಫೈಲ್ ಲೇಕ್‌ಗೂ ಹೋಗಿ. ಕ್ಯಾನನ್ ಬೆಟ್ಟದ ಮೇಲೆ ಮನುಷ್ಯನ ಮುಖದಂತಿದ್ದ ಬಂಡೆ 2003ರ ಮೇ 3ರಂದು ಕುಸಿಯಿತು. ನಾನು ಬರುವ ಹೊತ್ತಿಗೆ ಇರಲಿಲ್ಲ. ಈಗ ಕೆರೆ ದಂಡೆಯಲ್ಲಿ ಉಕ್ಕಿನ ಕಂಬಗಳಿವೆ. ನಿಮ್ಮ ಎತ್ತರಕ್ಕೆ ಗುರುತು ಮಾಡಿದ ಜಾಗದಲ್ಲಿ ನಿಂತು ಒಂದು ಕಣ್ಣು ಮುಚ್ಚಿದರೆ, ಕಂಬದ ಮೇಲಿನ ಉಬ್ಬುಗಳು ಬೆಟ್ಟದ ಅಂಚಿಗೆ ಕೂಡಿಕೊಂಡು ಆ ಮುಖ ಮತ್ತೆ ಕಾಣುತ್ತದೆ.

ಬಾಟನಿ_ಮೇಷ್ಟ್ರು:
ಮೇಲಿನವರು ಹೇಳಿದ್ದು ಸರಿ. ಅಮ್ಮನಿಗೆ ಹೇಳಲು ಒಂದು ವಿಷಯ. ಹಳದಿ ಬಣ್ಣ ಬೇಸಿಗೆಯಲ್ಲೂ ಎಲೆಯೊಳಗೇ ಇರುತ್ತದೆ. ಹಸಿರು ಕರಗಿದಾಗ ಕಾಣುತ್ತದೆ, ಅಷ್ಟೇ. ಬರ್ಚ್ ಮರದ್ದು ಹಾಗೆ. ಮೇಪಲ್‌ನ ಕೆಂಪು ಹಾಗಲ್ಲ, ಅದನ್ನು ಮರ ಈ ಕಾಲದಲ್ಲೇ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ ಇದ್ದರೆ ಕೆಂಪು ಜಾಸ್ತಿ. ನಮ್ಮ ಮಾವು, ನಾಗಸಂಪಿಗೆ ಚಿಗುರು ಕೆಂಪಗಿರುತ್ತದಲ್ವಾ, ಅದೂ ಇದೇ ಜಾತಿಯ ಬಣ್ಣ, ಆಂಥೋಸಯನಿನ್. ನಮ್ಮಲ್ಲಿ ಹುಟ್ಟುವಾಗ ಕೆಂಪು, ಇಲ್ಲಿ ಉದುರುವಾಗ.

ದಾರಿ ಪಕ್ಕ ಹಾಬಲ್‌ಬುಷ್ ಅನ್ನುವ ಕುಳ್ಳ ಪೊದೆ ಸಿಗುತ್ತದೆ. ಅಂಗೈಯಷ್ಟು ಅಗಲದ ಎಲೆ. ಒಂದೇ ಎಲೆಯಲ್ಲಿ ಹಸಿರು, ಹಳದಿ, ನೇರಳೆ ಮಚ್ಚೆ. ಎಲ್ಲರೂ ತಲೆ ಎತ್ತಿ ಮೇಪಲ್ ನೋಡ್ತಾ ಇದನ್ನು ದಾಟಿ ಹೋಗ್ತಾರೆ. ದಯವಿಟ್ಟು ಬಗ್ಗಿ ನೋಡಿ.

ತೀರ್ಥಹಳ್ಳಿ_ಹುಡುಗಿ:
ತುಂಬಾ ಥ್ಯಾಂಕ್ಸ್! ಅಮ್ಮನಿಗೆ ಓದಿ ಹೇಳಿದೆ. ನಾಗಸಂಪಿಗೆ ಮಾತು ಬಂದ ಕೂಡಲೇ ನಮ್ಮ ಮನೆ ಹಿಂದಿನ ಮರದ ಕಥೆ ಶುರು ಮಾಡಿದರು. ಚಳಿ ಎಷ್ಟಿರುತ್ತದೆ? ಸೈಕಲ್‌ನವರಿಂದ ತೊಂದರೆ ಇಲ್ವಾ?

ಹಳೇ_ಮೇಪಲ್:
ಬೆಳಿಗ್ಗೆ 4-5 ಡಿಗ್ರಿಗೆ ಇಳಿಯಬಹುದು. ಕಿವಿ ಮುಚ್ಚುವ ಟೋಪಿ, ಗ್ಲೌಸ್ ಇರಲಿ. ಸೈಕಲ್ ಬರುತ್ತವೆ, ಬಲಗಡೆ ಒಬ್ಬರ ಹಿಂದೊಬ್ಬರು ನಡೆಯಿರಿ. ಬೇಸಿನ್ ಹತ್ತಿರ ಅವರೂ ಇಳಿದು ತಳ್ಳಿಕೊಂಡು ಹೋಗಬೇಕು. ಚಿಂತೆ ಸೈಕಲ್‌ದಲ್ಲ, ಒದ್ದೆ ಎಲೆಯದ್ದು. ಟಾರಿನ ಮೇಲೆ ಪಾಚಿಯಷ್ಟೇ ಜಾರುತ್ತದೆ. ಅಪ್ಪನಿಗೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ, ಕೈಗೊಂದು ಕೋಲು ಕೊಡಿ. ಫ್ಲಾಸ್ಕ್‌ನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಮನೆಯಿಂದಲೇ ಒಯ್ಯಿರಿ, ದಾರಿಯಲ್ಲಿ ಏನೂ ಸಿಗುವುದಿಲ್ಲ.

ತೀರ್ಥಹಳ್ಳಿ_ಹುಡುಗಿ:
ಮಂಗಳವಾರಕ್ಕೆ ರಜೆ ಹಾಕಿದೆ. ಅಪ್ಪ ಈಗಲೇ ಶೂ ಹಾಕಿಕೊಂಡು ಮನೆಯೊಳಗೇ ಓಡಾಡ್ತಿದ್ದಾರೆ. ಹೋಗಿ ಬಂದು ಫೋಟೋ ಹಾಕ್ತೀನಿ. ಹಾಬಲ್‌ಬುಷ್‌ದೇ ಮೊದಲು.